ಮಾಸು ಕಟ್ಟುವ ಮುನ್ನ ಕುಡಿಯುವ ಹಾಲು

ಹೆಣ್ಣು ಕುದುರೆಯ ಗರ್ಭಕೋಶ ನಮ್ಮ ಹಸುವಿನ ಬಗ್ಗೆ ಕಲಿಸುವ ಪಾಠ



ಕೆಲವು ತಿಂಗಳ ಹಿಂದೆ ಒಂದು ಸಂಘದಲ್ಲಿ ಬಂಜೆತನ ನಿವಾರಣಾ ಶಿಬಿರ ನಡೆಸಿದೆವು. ತಪಾಸಣೆ ಮುಗಿದ ಮೇಲೆ ಡೇರಿಯ ಜಗುಲಿಯಲ್ಲಿ ಕುಳಿತು ಸದಸ್ಯರೊಂದಿಗೆ ಮಾತನಾಡುತ್ತಿದ್ದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತು ಕೇಳಿದರು: "ಡಾಕ್ಟ್ರೇ, ಸೆಮೆನ್ ಹಾಕಿಸಿದ ಮೇಲೆ ಹೊಟ್ಟೆಯೊಳಗೆ ಕರು ಸಾಸಿವೆ ಕಾಳಿನಷ್ಟೂ ಇರಲ್ಲ ಅಂತೀರಿ. ಆಗ ಕರುಳುಬಳ್ಳಿ ಇಲ್ಲ, ಸತ್ತೆ ಇಲ್ಲ. ಅವು ಬರೋಗಂಟ ಅದು ಏನು ತಿಂದು ಬದುಕ್ತದೆ?"

ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ಆ ತಾಯಿಯ ಸೀಮೆ ಹಸು ಮೂರು ಸಲ ಸೆಮೆನ್ ಹಾಕಿಸಿದರೂ ಮರಳಿ ಬೆದೆಗೆ ಬಂದಿತ್ತು. ಅವರ ಪ್ರಶ್ನೆಯ ಉತ್ತರದಲ್ಲೇ ಆ ಹಸುವಿನ ಸಮಸ್ಯೆಯ ಒಂದು ಎಳೆ ಇತ್ತು. ಅಂದು ಹೊತ್ತಾಗಿದ್ದರಿಂದ ಚುಟುಕಾಗಿ ಹೇಳಿ ಬಂದೆ. ಈಗ ಈ ಪುಟಗಳಲ್ಲಿ ವಿವರವಾಗಿ ಹೇಳುತ್ತೇನೆ. ಹೇಳುವಾಗ ಹಸುವನ್ನು ಸ್ವಲ್ಪ ಹೊತ್ತು ಬಿಟ್ಟು ಹೆಣ್ಣು ಕುದುರೆಯ ಕಡೆಗೆ ಹೋಗಬೇಕಾಗುತ್ತದೆ. ಹಾಲಿನ ಪತ್ರಿಕೆಯಲ್ಲಿ ಕುದುರೆ ಯಾಕೆ ಎಂದು ಬೇಸರಿಸಬೇಡಿ. ಕಾರಣ ಮುಂದೆ ತಿಳಿಯುತ್ತದೆ.

ಗರ್ಭಕೋಶದ ಹಾಲು

ಬೆದೆ ಮುಗಿದ ಸುಮಾರು 10ರಿಂದ 12 ಗಂಟೆಗಳ ನಂತರ ಹಸುವಿನ ಅಂಡಾಶಯದಿಂದ ಅಂಡ ಬಿಡುಗಡೆಯಾಗುತ್ತದೆ. ಅದು ವೀರ್ಯಾಣುವಿನೊಂದಿಗೆ ಕೂಡುವುದು ಅಂಡನಾಳದಲ್ಲಿ. ಅಲ್ಲಿಂದ ನಿಧಾನವಾಗಿ ಇಳಿದು 4ನೇ ಅಥವಾ 5ನೇ ದಿನ ಗರ್ಭಕೋಶ ಸೇರುತ್ತದೆ. ಆಗ ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ಭ್ರೂಣ.

ಈ ಭ್ರೂಣ ಗರ್ಭಕೋಶದ ಗೋಡೆಗೆ ತಕ್ಷಣ ಅಂಟಿಕೊಳ್ಳುವುದಿಲ್ಲ. ಹಸುವಿನಲ್ಲಿ ಅಂಟಿಕೊಳ್ಳುವ ಕೆಲಸ ಆರಂಭವಾಗುವುದೇ 19ರಿಂದ 21ನೇ ದಿನದ ಹೊತ್ತಿಗೆ. ಕರು ಹಾಕಿದ ಮೇಲೆ ಬೀಳುವ ಸತ್ತೆಯ ಮೇಲೆ ನೀವು ನೋಡುವ ಗುಂಡಿಗಳು ತಾಯಿ ಮತ್ತು ಕರುವಿನ ನಡುವಣ ಬೆಸುಗೆಗಳು. ಅವು ಬಲಗೊಳ್ಳಲು ಇನ್ನೂ ಹಲವು ವಾರ ಬೇಕು. ಅಂದರೆ ಮೊದಲ ಮೂರು ವಾರ ಭ್ರೂಣಕ್ಕೆ ತಾಯಿಯ ರಕ್ತದಿಂದ ನೇರವಾಗಿ ಆಹಾರ ಪಡೆಯುವ ದಾರಿ ಇಲ್ಲ.

ಹಾಗಾದರೆ ಆಹಾರ ಎಲ್ಲಿಂದ? ಗರ್ಭಕೋಶದ ಒಳಗೋಡೆಯಲ್ಲಿ ಸಾವಿರಾರು ಸಣ್ಣ ಗ್ರಂಥಿಗಳಿವೆ. ಅವು ಒಂದು ರಸವನ್ನು ಸುರಿಸುತ್ತವೆ. ಅದರಲ್ಲಿ ಪ್ರೋಟೀನು, ಸಕ್ಕರೆ, ಕೊಬ್ಬಿನ ಅಂಶ, ಜೀವಸತ್ವ, ಲವಣ ಎಲ್ಲವೂ ಇರುತ್ತವೆ. ಭ್ರೂಣ ಈ ರಸದಲ್ಲಿ ತೇಲುತ್ತ ಅದನ್ನೇ ಹೀರಿ ಬೆಳೆಯುತ್ತದೆ. ವಿಜ್ಞಾನಿಗಳು ಇದಕ್ಕೆ ಇಟ್ಟ ಹೆಸರೇ ಗರ್ಭಕೋಶದ ಹಾಲು. ಕೆಚ್ಚಲಿನ ಹಾಲು ಕರು ಹುಟ್ಟಿದ ಮೇಲಿನದು. ಈ ಹಾಲು ಕರು ರೂಪ ತಳೆಯುವ ಮೊದಲಿನದು. ತಾಯಿ ಕರುವಿಗೆ ಕೊಡುವ ಮೊದಲ ಹಾಲು ಗಿಣ್ಣು ಎಂದು ನಾವು ತಿಳಿದಿದ್ದೇವೆ. ಅದಕ್ಕೂ ಒಂಬತ್ತು ತಿಂಗಳ ಮೊದಲೇ ಒಂದು ಹಾಲು ಕೊಟ್ಟಿರುತ್ತಾಳೆ.

ಕುದುರೆಯೇ ಏಕೆ?

ಈ ಹಾಲಿನ ಮಹತ್ವವನ್ನು ಬಹಳ ಸ್ಪಷ್ಟವಾಗಿ ತೋರಿಸಿಕೊಟ್ಟ ಪ್ರಾಣಿಗಳಲ್ಲಿ ಹೆಣ್ಣು ಕುದುರೆಯೂ ಒಂದು. ಹಸುವಿನ ಭ್ರೂಣ ಮೂರು ವಾರಕ್ಕೆ ಗೋಡೆ ಹಿಡಿಯಲು ತೊಡಗಿದರೆ, ಕುದುರೆಯಲ್ಲಿ ಮಾಸು ಗೋಡೆಗೆ ಬೆಸೆಯಲು ತೊಡಗುವುದು ಸುಮಾರು 40ನೇ ದಿನಕ್ಕೆ. ಅಲ್ಲಿಯವರೆಗೂ ಭ್ರೂಣಕ್ಕೆ ಗರ್ಭಕೋಶದ ಹಾಲೇ ಮುಖ್ಯ ಆಧಾರ. ಉಳಿದ ಸಾಕುಪ್ರಾಣಿಗಳಲ್ಲಿ ಬೇಗ ಮುಗಿದುಹೋಗುವ ಈ ಅಧ್ಯಾಯ ಕುದುರೆಯಲ್ಲಿ ದೀರ್ಘವಾಗಿರುವುದರಿಂದ ಅಭ್ಯಾಸ ಮಾಡಲು ಅನುಕೂಲ.

ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ ನಮ್ಮ ರಾಜ್ಯದಲ್ಲೇ ಇದೆ. ಜಾತಿ ಕುದುರೆ ಸಾಕುವವರು ಗರ್ಭದ ಒಂದೊಂದು ದಿನವನ್ನೂ ಎಣಿಸುತ್ತಾರೆ. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಕುದುರೆ ಸಾಕಣಾ ಕೇಂದ್ರದಲ್ಲಿ 14 ದಿನದ ಗರ್ಭವನ್ನು ಸ್ಕ್ಯಾನಿಂಗ್ ಯಂತ್ರದ ಪರದೆಯ ಮೇಲೆ ನೋಡಿದೆ. ಬೂದು ಬಣ್ಣದ ನಡುವೆ ಗೋಲಿಯಷ್ಟು ದೊಡ್ಡ, ದುಂಡನೆಯ ಕಪ್ಪು ಚುಕ್ಕೆ. ಐದು ನಿಮಿಷ ಬಿಟ್ಟು ನೋಡಿದರೆ ಅದು ಮೊದಲಿದ್ದ ಜಾಗದಲ್ಲಿ ಇರಲಿಲ್ಲ!

ನಾವು ಗಾಬರಿಯಾದೆವು. ಜೊತೆಗಿದ್ದ ಹಿರಿಯ ವೈದ್ಯರು ನಕ್ಕು, "ಅದು ಓಡಾಡುತ್ತಿದೆ, ಹುಡುಕಿ" ಎಂದರು. ನಿಜ. ಕುದುರೆಯ ಭ್ರೂಣ ಸುಮಾರು 16ನೇ ದಿನದವರೆಗೂ ಗರ್ಭಕೋಶದ ಒಂದು ಕೊಂಬಿನಿಂದ ಇನ್ನೊಂದು ಕೊಂಬಿಗೆ ದಿನಕ್ಕೆ ಹಲವು ಬಾರಿ ತಿರುಗಾಡುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರೊ. ಜಿಂಥರ್ ಅವರು 1983ರಲ್ಲಿ ಸ್ಕ್ಯಾನಿಂಗ್ ಮೂಲಕ ಈ ಅಲೆದಾಟವನ್ನು ವಿವರಿಸಿದರು. ಭ್ರೂಣದ ಸುತ್ತ ಗಟ್ಟಿಯಾದ, ಪಾರದರ್ಶಕವಾದ ಒಂದು ಕವಚ ಇರುವುದರಿಂದ ಈ ಓಡಾಟದಲ್ಲಿ ಅದಕ್ಕೆ ಪೆಟ್ಟಾಗುವುದಿಲ್ಲ. 16 ಅಥವಾ 17ನೇ ದಿನದ ಹೊತ್ತಿಗೆ ಅದು ಒಂದು ಕೊಂಬಿನ ಬುಡದಲ್ಲಿ ನಿಲ್ಲುತ್ತದೆ. ನಿಂತರೂ ಬೆಸುಗೆ ಮಾತ್ರ ಇನ್ನೂ ಆಗಿರುವುದಿಲ್ಲ.

ಕವಚದೊಳಗೆ ಊಟ ಹೋಗುವುದು ಹೇಗೆ?

ಇಲ್ಲೇ ಗರ್ಭಕೋಶದ ಪ್ರೋಟೀನುಗಳ ಕೆಲಸ ಬರುತ್ತದೆ. ಕುದುರೆಯ ಗರ್ಭಕೋಶದ ಹಾಲಿನಲ್ಲಿ ಹೇರಳವಾಗಿರುವ ಒಂದು ಪ್ರೋಟೀನನ್ನು ಇಂಗ್ಲೆಂಡಿನ ವಿಜ್ಞಾನಿಗಳು 1996ರಲ್ಲಿ ಗುರುತಿಸಿ ವರದಿ ಮಾಡಿದರು. ಅದಕ್ಕೆ ಯುಟೆರೋಕ್ಯಾಲಿನ್ ಎಂಬ ಹೆಸರು ಬಂತು. ಕೊಬ್ಬಿನಾಮ್ಲಗಳು ಮತ್ತು 'ಎ' ಜೀವಸತ್ವ ನೀರಿನಲ್ಲಿ ಕರಗುವುದಿಲ್ಲ. ಅವನ್ನು ಹೊತ್ತು ಸಾಗಿಸಲು ಒಂದು ಗಾಡಿ ಬೇಕು. ಯುಟೆರೋಕ್ಯಾಲಿನ್ ಅಂಥ ಗಾಡಿ. ಸರಕನ್ನು ಹೊತ್ತು ಕವಚವನ್ನು ದಾಟಿ ಅದು ಭ್ರೂಣವನ್ನು ಸೇರುತ್ತದೆ. ಅಷ್ಟೇ ಅಲ್ಲ, ಈ ಪ್ರೋಟೀನಿನಲ್ಲಿ ಅವಶ್ಯಕ ಅಮೈನೋ ಆಮ್ಲಗಳೂ ಸಮೃದ್ಧವಾಗಿವೆ. ಆದ್ದರಿಂದ ಸರಕು ಇಳಿಸಿದ ಮೇಲೆ ಗಾಡಿಯೇ ಆಹಾರವಾಗಬಲ್ಲದು.

ಹಾಲು ಉತ್ಪಾದಕರಾದ ನಿಮಗೆ ಇನ್ನೊಂದು ಸ್ವಾರಸ್ಯ. ಹಸುವಿನ ಹಾಲು ಒಡೆದಾಗ ಗಡ್ಡೆ ಬೇರೆಯಾಗಿ ಉಳಿಯುವ ತಿಳಿನೀರಿನಲ್ಲಿ ಬೀಟಾ ಲ್ಯಾಕ್ಟೋಗ್ಲೋಬ್ಯುಲಿನ್ ಎಂಬ ಪ್ರೋಟೀನು ಇರುತ್ತದೆ. ಯುಟೆರೋಕ್ಯಾಲಿನ್ ಅದೇ ಮನೆತನದ್ದು. ಗರ್ಭಕೋಶದ ರಸಕ್ಕೆ ಹಾಲು ಎಂಬ ಹೆಸರು ಇಟ್ಟದ್ದು ತಪ್ಪಾಗಲಿಲ್ಲ!

ಇನ್ನೊಂದು ಪ್ರೋಟೀನು ಯುಟೆರೋಫೆರಿನ್. ಇದನ್ನು ಮೊದಲು ಹಂದಿಯ ಗರ್ಭಕೋಶದ ರಸದಲ್ಲಿ ವಿವರವಾಗಿ ಅಭ್ಯಾಸ ಮಾಡಿದರು. ಕಬ್ಬಿಣವನ್ನು ಹಿಡಿದಿಟ್ಟುಕೊಂಡಿರುವುದರಿಂದ ಅದರ ಬಣ್ಣ ನೇರಳೆ. ಕುದುರೆಯ ಗರ್ಭಕೋಶದಲ್ಲೂ ಇಂಥದೇ ಪ್ರೋಟೀನು ಇದೆ. ಭ್ರೂಣಕ್ಕೆ ರಕ್ತ ಕಟ್ಟಲು ಬೇಕಾದ ಕಬ್ಬಿಣವನ್ನು ಇದು ಒದಗಿಸುತ್ತದೆ.

ಈ ಗ್ರಂಥಿಗಳಿಗೆ ಹಾಲು ಸುರಿಸಲು ಅಪ್ಪಣೆ ಕೊಡುವವರು ಯಾರು? ಅಂಡ ಬಿಡುಗಡೆಯಾದ ಜಾಗದಲ್ಲಿ ಅಂಡಾಶಯದ ಮೇಲೆ ಒಂದು ಹಳದಿ ಗಂಟು ಬೆಳೆಯುತ್ತದೆ. ಅದು ಪ್ರೊಜೆಸ್ಟೆರಾನ್ ಎಂಬ ಚೋದಕವನ್ನು ತಯಾರಿಸುತ್ತದೆ. ಕುದುರೆಯಾಗಲಿ ಹಸುವಾಗಲಿ, ಈ ಚೋದಕದ ಅಪ್ಪಣೆ ಇರುವವರೆಗೆ ಮಾತ್ರ ಗರ್ಭಕೋಶ ಭ್ರೂಣವನ್ನು ಸಾಕುತ್ತದೆ. ಹಳದಿ ಗಂಟು ಕರಗಿದರೆ ಅಪ್ಪಣೆ ನಿಂತಿತು, ಹಾಲೂ ನಿಂತಿತು, ಭ್ರೂಣವೂ ಉಳಿಯಲಿಲ್ಲ.

ಗ್ರಂಥಿಗಳೇ ಇಲ್ಲದಿದ್ದರೆ?

ಈ ಹಾಲು ನಿಜವಾಗಿಯೂ ಅಷ್ಟು ಅಗತ್ಯವೇ ಎಂಬ ಸಂಶಯಕ್ಕೆ ಅಮೆರಿಕದ ಟೆಕ್ಸಾಸಿನಲ್ಲಿ ಕುರಿಗಳ ಮೇಲೆ ನಡೆದ ಪ್ರಯೋಗ ಉತ್ತರ ಕೊಟ್ಟಿದೆ. ಹೆಣ್ಣು ಕುರಿಮರಿಗಳಿಗೆ ಹುಟ್ಟಿದ ಕೂಡಲೇ ಪ್ರೊಜೆಸ್ಟೆರಾನಿನಂಥ ಔಷಧಿಯನ್ನು ಕೆಲವು ವಾರ ಕೊಟ್ಟರೆ ಗರ್ಭಕೋಶದ ಗ್ರಂಥಿಗಳು ಬೆಳೆಯುವುದಿಲ್ಲ. ಇಂಥ ಕುರಿಗಳು ದೊಡ್ಡವಾದ ಮೇಲೆ ಬೆದೆಗೆ ಬಂದವು, ಟಗರಿನೊಂದಿಗೆ ಕೂಡಿದವು, ಭ್ರೂಣವೂ ಆಯಿತು. ಆದರೆ ಯಾವ ಭ್ರೂಣವೂ ಉದ್ದವಾಗಿ ಬೆಳೆದು ಗರ್ಭವಾಗಿ ನಿಲ್ಲಲಿಲ್ಲ. 2001ರ ಸುಮಾರಿಗೆ ಈ ಫಲಿತಾಂಶಗಳು ಪ್ರಕಟವಾದವು. ಬೀಜ ಚೆನ್ನಾಗಿತ್ತು, ಹೊಲವೂ ಇತ್ತು, ನೀರು ಮಾತ್ರ ಇರಲಿಲ್ಲ ಎಂಬಂತಾಯಿತು.

ಹಸುವಿನ 16ನೇ ದಿನ

ಈಗ ನಮ್ಮ ಕೊಟ್ಟಿಗೆಗೆ ಮರಳೋಣ. ಹಸುವಿನ ಭ್ರೂಣ ಕುದುರೆಯದರಂತೆ ತಿರುಗಾಡುವುದಿಲ್ಲ, ಉದ್ದಕ್ಕೆ ಬೆಳೆಯುತ್ತದೆ. 12–13ನೇ ದಿನ ಕೆಲವೇ ಮಿಲಿಮೀಟರ್ ಇದ್ದದ್ದು 16–17ನೇ ದಿನಕ್ಕೆ ಗೇಣುದ್ದದ ನೂಲಿನ ಎಳೆಯಂತಾಗುತ್ತದೆ. ಕೇವಲ ನಾಲ್ಕೈದು ದಿನಗಳಲ್ಲಿ ಇಷ್ಟು ಬೆಳವಣಿಗೆ! ಇದೆಲ್ಲವೂ ಗರ್ಭಕೋಶದ ಹಾಲಿನ ಬಲದಿಂದ.

ಇಷ್ಟು ಅವಸರದಲ್ಲಿ ಬೆಳೆಯಲು ಕಾರಣವಿದೆ. ಗರ್ಭ ನಿಲ್ಲದಿದ್ದರೆ ಹಸುವಿನ ಗರ್ಭಕೋಶ ಸುಮಾರು 16ರಿಂದ 18ನೇ ದಿನ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ಹೊರಬಿಟ್ಟು ಹಳದಿ ಗಂಟನ್ನು ಕರಗಿಸುತ್ತದೆ. ಅದರಿಂದಲೇ 21ನೇ ದಿನದ ಹೊತ್ತಿಗೆ ಮತ್ತೆ ಬೆದೆ. ಒಳಗೆ ಭ್ರೂಣವಿದ್ದರೆ ಅದು ಈ ಗಡುವಿಗೆ ಮುಂಚೆಯೇ "ನಾನಿದ್ದೇನೆ, ಹಳದಿ ಗಂಟನ್ನು ಕರಗಿಸಬೇಡ" ಎಂದು ತಾಯಿಗೆ ಸುದ್ದಿ ಮುಟ್ಟಿಸಬೇಕು. ಹಸು ಮತ್ತು ಕುರಿಯಲ್ಲಿ ಈ ಸುದ್ದಿಯೂ ಒಂದು ಪ್ರೋಟೀನೇ. ಅಮೆರಿಕದ ವಿಜ್ಞಾನಿಗಳು ಅದನ್ನು 1982ರಲ್ಲಿ ಕುರಿಯ ಭ್ರೂಣದಲ್ಲಿ ಗುರುತಿಸಿದರು. ವೈರಸ್ಸುಗಳ ವಿರುದ್ಧ ದೇಹ ತಯಾರಿಸುವ ಇಂಟರ್‌ಫೆರಾನ್‌ಗಳ ಗುಂಪಿಗೆ ಅದು ಸೇರಿದ್ದೆಂದು 1987ರಲ್ಲಿ ತಿಳಿಯಿತು. ಅದರ ಈಗಿನ ಹೆಸರು ಇಂಟರ್‌ಫೆರಾನ್ ಟೌ.

ಕುದುರೆಯ ಭ್ರೂಣ ಸುದ್ದಿ ಮುಟ್ಟಿಸುವ ಬಗೆ ಬೇರೆ. ಅದರ ಅಲೆದಾಟವೇ ಗರ್ಭಕೋಶದ ಮೂಲೆಮೂಲೆಗೂ ಹೋಗಿ ತಾನಿರುವುದನ್ನು ತಿಳಿಸುವ ವಿಧಾನ. ಭ್ರೂಣವನ್ನು ಒಂದೇ ಕೊಂಬಿನಲ್ಲಿ ಕಟ್ಟಿಹಾಕಿ ನೋಡಿದ ಪ್ರಯೋಗಗಳಲ್ಲಿ ಹಳದಿ ಗಂಟು ಕರಗಿ ಗರ್ಭ ನಷ್ಟವಾಯಿತು. ಆದರೆ ಅದು ಬಳಸುವ ವಸ್ತು ಯಾವುದೆಂದು ವಿಜ್ಞಾನಿಗಳು ಇನ್ನೂ ಖಚಿತವಾಗಿ ಕಂಡುಹಿಡಿದಿಲ್ಲ.

ನಮಗೆ ಮುಖ್ಯವಾದ ಮಾತು ಇಷ್ಟು: ಹಾಲು ಚೆನ್ನಾಗಿ ಸಿಕ್ಕ ಭ್ರೂಣ ಬೇಗ ಉದ್ದವಾಗುತ್ತದೆ, ಜೋರಾಗಿ ಕೂಗುತ್ತದೆ, ತಾಯಿಗೆ ಕೇಳಿಸುತ್ತದೆ. ಹಾಲು ಸಾಲದ ಭ್ರೂಣ ಸಣ್ಣದಾಗಿ ಉಳಿಯುತ್ತದೆ. ಅದರ ದನಿ ಕೇಳಿಸುವುದಿಲ್ಲ. ಜೀವವಿದ್ದರೂ ತಾಯಿ ಬೆದೆಗೆ ಬರುತ್ತಾಳೆ.

"ಕಟ್ಟಲೇ ಇಲ್ಲ" ಎನ್ನುವ ಮುನ್ನ

21 ದಿನಕ್ಕೆ ಹಸು ಮರಳಿ ಬೆದೆಗೆ ಬಂದರೆ "ಸೆಮೆನ್ ಸರಿ ಇಲ್ಲ, ಗಬ್ಬ ಕಟ್ಟಲೇ ಇಲ್ಲ" ಎನ್ನುತ್ತೇವೆ. ಹೊರದೇಶಗಳ ಅಧ್ಯಯನಗಳು ಬೇರೆ ಕಥೆ ಹೇಳುತ್ತವೆ. ಸರಿಯಾದ ಬೆದೆಯಲ್ಲಿ ಗರ್ಭಧಾರಣೆ ಮಾಡಿಸಿದ 100 ಹಸುಗಳಲ್ಲಿ ಸುಮಾರು 85ರಿಂದ 90ರಲ್ಲಿ ಅಂಡ ಮತ್ತು ವೀರ್ಯಾಣು ಕೂಡುತ್ತವೆ. ಕೊನೆಗೆ ಕರು ಹಾಕುವವು ಮಾತ್ರ 55ರ ಆಸುಪಾಸು. ಹೆಚ್ಚು ಹಾಲು ಕೊಡುವ ಹಸುಗಳಲ್ಲಿ ಇನ್ನೂ ಕಡಿಮೆ. ನಷ್ಟವಾದ ಭ್ರೂಣಗಳಲ್ಲಿ ಹೆಚ್ಚಿನವು ನಷ್ಟವಾಗುವುದು 16ನೇ ದಿನಕ್ಕೆ ಮುಂಚೆ. ಅಂಥ ಹಸು ಏನೂ ಆಗಿಲ್ಲವೆಂಬಂತೆ ಸರಿಯಾಗಿ 18ರಿಂದ 24 ದಿನದೊಳಗೆ ಬೆದೆಗೆ ಬರುತ್ತದೆ. ಭ್ರೂಣ 17ನೇ ದಿನ ದಾಟಿ ನಷ್ಟವಾದರೆ ಬೆದೆ ತಡವಾಗಿ, 28ರಿಂದ 45 ದಿನದೊಳಗೆ ಕಾಣಬಹುದು.

ಆದ್ದರಿಂದ ಮರಳಿ ಬೆದೆಗೆ ಬಂದ ಹಸುಗಳಲ್ಲಿ ಬಹಳಷ್ಟು ಗಬ್ಬ ಕಟ್ಟದವಲ್ಲ, ಕಟ್ಟಿದ್ದನ್ನು ಕಳೆದುಕೊಂಡವು. ಸೆಮೆನ್ ಹಾಕಿಸಿದ ದಿನಕ್ಕೆ ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳುವುದು ತಪ್ಪು. ಮೂರು ವಾರದ ಕೆಲಸ ಅಂದು ಶುರುವಾಗುತ್ತದೆ. ಒಂದು ಸಲ ತಪ್ಪಿದರೆ ಮುಂದಿನ ಕರು 21 ದಿನ ತಡ, ಮೂರು ಸಲ ತಪ್ಪಿದರೆ 63 ದಿನ. ಎರಡು ತಿಂಗಳ ಹಿಂಡಿ, ಬೂಸಾ, ಮೇವಿನ ಖರ್ಚು ಮೈಮೇಲೆ ಬರುತ್ತದೆ.

ನನ್ನದೇ ಒಂದು ತಪ್ಪು

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಸದಸ್ಯರು, "ಹಸು ಕರು ಹಾಕಿ ಮೂರು ತಿಂಗಳಾಯಿತು, ಬೆದೆಗೇ ಬಂದಿಲ್ಲ" ಎಂದು ಕರೆದುಕೊಂಡು ಹೋದರು. ಕೈ ಹಾಕಿ ನೋಡಿದೆ. ಅಂಡಾಶಯದ ಮೇಲೆ ಹಳದಿ ಗಂಟು ಚೆನ್ನಾಗಿ ಬೆಳೆದಿತ್ತು. ಬೆದೆ ಬಂದದ್ದು ಇವರ ಕಣ್ಣಿಗೆ ಬಿದ್ದಿಲ್ಲ ಎಂದುಕೊಂಡು ಪ್ರೊಸ್ಟಾಗ್ಲಾಂಡಿನ್ ಚುಚ್ಚುಮದ್ದು ಕೊಟ್ಟೆ. ಮೂರನೇ ದಿನ ಹಸು ಬೆದೆಗೆ ಬಂತು. ಎಲ್ಲರಿಗೂ ಸಂತೋಷ.

ಅಂದು ಮನೆಯಾಕೆ ಕೊಟ್ಟಿಗೆಯಲ್ಲಿದ್ದರು. ಗರ್ಭಧಾರಣಾ ಗನ್ ಸಿದ್ಧ ಮಾಡುವುದನ್ನು ನೋಡಿ, "ಮತ್ತೆ ಯಾಕೆ ಸಾರ್? ಹದಿನೈದು ದಿನದ ಹಿಂದೆ ಇವರು ಊರಲ್ಲಿ ಇಲ್ಲದಾಗ ನಾನೇ ಹಾಕಿಸಿದ್ದೆನಲ್ಲ" ಎಂದರು. ಲೆಕ್ಕ ಹಾಕಿದೆ. ನಾನು ಸೂಜಿ ಚುಚ್ಚಿದ್ದು 12ನೇ ದಿನ. 12ನೇ ದಿನದ ಭ್ರೂಣ ಯಾವ ಕೈಗೂ ಸಿಗುವುದಿಲ್ಲ. ಗರ್ಭವಿತ್ತೋ ಇಲ್ಲವೋ ದೇವರಿಗೇ ಗೊತ್ತು. ಇದ್ದಿದ್ದರೆ ನನ್ನ ಚುಚ್ಚುಮದ್ದು ಅದರ ಹಾಲನ್ನು ನಿಲ್ಲಿಸಿತು. ಗರ್ಭಕೋಶ 16ನೇ ದಿನ ಮಾಡಬಹುದಾಗಿದ್ದ ಕೆಲಸವನ್ನು ನಾನು 12ನೇ ದಿನವೇ ಮಾಡಿದ್ದೆ.

ಆ ತಾಯಿ ನನ್ನನ್ನು ಬೈಯಲಿಲ್ಲ. "ನನ್ನನ್ನು ಯಾರೂ ಕೇಳಲಿಲ್ಲ" ಎಂದಷ್ಟೇ ಹೇಳಿದರು. ಹಸುವಿಗೆ ಹುಲ್ಲು ಹಾಕುವವರು, ಸಗಣಿ ಬಾಚುವವರು, ಹಾಲು ಕರೆಯುವವರು ಅವರು. ಬೆದೆ ಕಂಡದ್ದೂ ಅವರಿಗೇ. ಪ್ರಶ್ನೆ ಕೇಳಿದ್ದು ಮಾತ್ರ ಯಜಮಾನರನ್ನು. ಅಂದಿನಿಂದ ನಾನು ಯಾವ ಮನೆಗೆ ಹೋದರೂ ಸೂಜಿ ತೆಗೆಯುವ ಮೊದಲು ಮನೆಯ ಹೆಣ್ಣುಮಕ್ಕಳನ್ನು ಕರೆದು ಕೇಳುತ್ತೇನೆ: "ಕೊನೆಯ ಸಲ ಹಾಕಿಸಿದ್ದು ಯಾವಾಗಮ್ಮ?"

ಸದಸ್ಯರು ಮಾಡಬೇಕಾದದ್ದು

1. ಕರು ಹಾಕಿದ ಮೇಲೆ ಗರ್ಭಕೋಶಕ್ಕೆ ವಿಶ್ರಾಂತಿ ಕೊಡಿ. ಕರು ಹಾಕಿ 60 ದಿನವಾಗುವ ಮೊದಲು ಗರ್ಭಧಾರಣೆಗೆ ಅವಸರ ಬೇಡ. ಸತ್ತೆ ಬೀಳದಿದ್ದ ಹಸು, ಕೀವು ಮಿಶ್ರಿತ ಲೋಳೆ ಹಾಕುವ ಹಸುವಿಗೆ ಮೊದಲು ಚಿಕಿತ್ಸೆ ಮಾಡಿಸಿ. ಒಳಗೋಡೆ ಊದಿಕೊಂಡಿದ್ದರೆ ಗ್ರಂಥಿಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆದೆಯ ಲೋಳೆ ಮೊಟ್ಟೆಯ ಬಿಳಿಯಂತೆ ತಿಳಿಯಾಗಿರಬೇಕು.

2. ಹಸು ಬಡಕಲಾಗುತ್ತಿರುವಾಗ ಗರ್ಭ ನಿಲ್ಲುವುದು ಕಷ್ಟ. ಹೆಚ್ಚು ಹಾಲು ಕೊಡುವ ಹಸು ತಿಂದದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಕೆಚ್ಚಲಿಗೆ ಕಳಿಸುತ್ತದೆ. ಪಕ್ಕೆಲುಬು, ಸೊಂಟದ ಮೂಳೆ ಎದ್ದು ಕಾಣುತ್ತಿದ್ದರೆ ಆಹಾರ ಸಾಲದು ಎಂದರ್ಥ. ಗರ್ಭಧಾರಣೆಗೆ ಮುಂಚೆ ಮತ್ತು ನಂತರದ ಮೂರು ವಾರ ಪಶು ಆಹಾರದ ಪ್ರಮಾಣ ಕಡಿಮೆ ಮಾಡಬೇಡಿ, ಥಟ್ಟನೆ ಬದಲಾಯಿಸಲೂ ಬೇಡಿ.

3. ಹಸಿರು ಮೇವು ಕೊಡಿ. ಭ್ರೂಣಕ್ಕೆ ಬೇಕಾದ 'ಎ' ಜೀವಸತ್ವ ಹಸುವಿಗೆ ಮುಖ್ಯವಾಗಿ ಸಿಗುವುದು ಹಸಿರು ಮೇವಿನಿಂದ. ಒಣಗಿದ ರಾಗಿ ಹುಲ್ಲು, ಭತ್ತದ ಹುಲ್ಲುಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನಾವು ಕುದುರೆ ಮಸಾಲೆ ಎಂದು ಕರೆಯುವ ಲೂಸರ್ನ್ ಸೊಪ್ಪು, ಅಲಸಂದೆ, ಹಸಿರು ಜೋಳ, ನೇಪಿಯರ್ ಯಾವುದಾದರೂ ಸರಿ. ಕುದುರೆಯಿಂದ ಕಲಿತ ಪಾಠಕ್ಕೆ ಕುದುರೆ ಮಸಾಲೆಯೇ ಮದ್ದು!

4. ಖನಿಜ ಮಿಶ್ರಣವನ್ನು ದಿನವೂ ಕೊಡಿ. ಮಿಶ್ರತಳಿ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂ, ಹಾಲು ಹೆಚ್ಚಿದ್ದರೆ ಚೀಲದ ಮೇಲೆ ಸೂಚಿಸಿದಷ್ಟು. ಬೆದೆ ಬಂದ ಮೇಲೆ ಒಂದು ವಾರ ಕೊಟ್ಟು ನಿಲ್ಲಿಸಿದರೆ ಪ್ರಯೋಜನವಿಲ್ಲ.

5. ಬಿಸಿಲಿನಿಂದ ಕಾಪಾಡಿ. ಕೂಡಿದ ಮೊದಲ ಎರಡು ಮೂರು ದಿನಗಳ ಭ್ರೂಣ ತಾಯಿಯ ಮೈಬಿಸಿಗೆ ಬಹಳ ಬೇಗ ಸೋಲುತ್ತದೆ. ಬೇಸಿಗೆಯಲ್ಲಿ ಗರ್ಭಧಾರಣೆ ಮಾಡಿಸಿದ ಹಸುವನ್ನು ಬಯಲಿನಲ್ಲಿ ಕಟ್ಟಬೇಡಿ, ದೂರ ನಡೆಸಬೇಡಿ. ನೆರಳು, ಗಾಳಿ, ಸದಾ ಕುಡಿಯುವ ನೀರು ಇರಲಿ. ಎಮ್ಮೆಗೆ ಮೈಮೇಲೆ ನೀರು ಹಾಕಿ.

6. ಯೂರಿಯಾ ಅತಿಯಾಗದಿರಲಿ. ಯೂರಿಯಾ ಬೆರೆಸಿದ ಮೇವು ಅಥವಾ ಹಿಂಡಿ ಅತಿಯಾದರೆ ರಕ್ತದಲ್ಲಿ ಯೂರಿಯಾ ಹೆಚ್ಚಿ ಗರ್ಭಕೋಶದ ರಸದ ಗುಣ ಕೆಡಬಹುದು. ಅಳತೆ ಮೀರಬೇಡಿ.

7. ಊರ ಹೋರಿಯ ವಿಷಯದಲ್ಲಿ ಎಚ್ಚರ. ಪರೀಕ್ಷೆಯಾಗದ ಹೋರಿಯಿಂದ ಭ್ರೂಣವನ್ನು ಕೊಲ್ಲುವ ಗರ್ಭಕೋಶದ ಸೋಂಕುಗಳು ಹಸುವಿನಿಂದ ಹಸುವಿಗೆ ಹರಡುತ್ತವೆ.

8. ಔಷಧಿ ಕೊಡಿಸುವ ಮೊದಲು ದಿನಾಂಕ ಹೇಳಿ. ಬೆದೆ ಬರಿಸುವ ಚುಚ್ಚುಮದ್ದು ಗರ್ಭವನ್ನು ತೆಗೆಯಬಲ್ಲದು. ಜಂತುನಾಶಕ ಆಲ್ಬೆಂಡಜೋಲ್ ಅನ್ನು ಗರ್ಭದ ಮೊದಲ 45 ದಿನ ಕೊಡಬಾರದು. ಔಷಧಿ ಅಂಗಡಿಯಿಂದ ನೀವೇ ತಂದು ಕೊಡಬೇಡಿ.

9. ಗಬ್ಬದ ಹಸುವೂ ಒಮ್ಮೊಮ್ಮೆ ಬೆದೆಯ ಲಕ್ಷಣ ತೋರಿಸುತ್ತದೆ. ಲೋಳೆ ಇಲ್ಲದೆ ಬರಿದೇ ಕೂಗುವ, ಅಕಾಲದಲ್ಲಿ ಬೆದೆಯಂತೆ ವರ್ತಿಸುವ ಹಸುವಿಗೆ ಪರೀಕ್ಷೆ ಮಾಡಿಸದೆ ಮತ್ತೆ ಸೆಮೆನ್ ಹಾಕಿಸಬೇಡಿ. ಗನ್ ಗರ್ಭಕೋಶದೊಳಗೆ ಹೋದರೆ ಇದ್ದ ಗರ್ಭವೂ ಹೋದೀತು.

ಗೋಡೆಯ ಮೇಲಿನ ಲೆಕ್ಕ

ಕೊಟ್ಟಿಗೆಯ ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿ, ಪಕ್ಕದಲ್ಲಿ ಪೆನ್ಸಿಲ್ ಕಟ್ಟಿಡಿ. ಗರ್ಭಧಾರಣೆ ಮಾಡಿಸಿದ ದಿನಕ್ಕೆ ಗುಂಡು ಗುರುತು ಹಾಕಿ.

ದಿನ 1ರಿಂದ 5: ಭ್ರೂಣ ಅಂಡನಾಳದಲ್ಲಿ. ಬಿಸಿಲು, ದಣಿವು ಬೇಡ.

ದಿನ 5ರಿಂದ 16: ಗರ್ಭಕೋಶದ ಹಾಲು ಕುಡಿದು ಬೆಳೆಯುವ ಕಾಲ. ಆಹಾರ ತಪ್ಪಿಸಬೇಡಿ, ಚುಚ್ಚುಮದ್ದಿನ ವಿಷಯದಲ್ಲಿ ಎಚ್ಚರ.

ದಿನ 16ರಿಂದ 18: ಭ್ರೂಣ ತಾಯಿಗೆ ಸುದ್ದಿ ಮುಟ್ಟಿಸುವ ಕಾಲ.

ದಿನ 18ರಿಂದ 24: ಬೆಳಿಗ್ಗೆ, ಸಂಜೆ, ರಾತ್ರಿ ಮಲಗುವ ಮುನ್ನ ಬೆದೆ ಗಮನಿಸಿ. ಬಂದರೆ ದಿನಾಂಕ ಬರೆಯಿರಿ.

ದಿನ 28ರಿಂದ 45: ತಡವಾದ ಬೆದೆ ಬಂದರೆ ಅದನ್ನೂ ಬರೆದು ವೈದ್ಯರಿಗೆ ತಿಳಿಸಿ.

ದಿನ 60: ಗರ್ಭ ಪರೀಕ್ಷೆ ತಪ್ಪದೆ ಮಾಡಿಸಿ. ಸ್ಕ್ಯಾನಿಂಗ್ ಸೌಲಭ್ಯವಿದ್ದಲ್ಲಿ 30ನೇ ದಿನದ ಸುಮಾರಿಗೇ ತಿಳಿಯಬಹುದು. ಮಾಸಿನಿಂದ ತಾಯಿಯ ರಕ್ತಕ್ಕೆ ಸೇರುವ ಒಂದು ಬಗೆಯ ಪ್ರೋಟೀನನ್ನು ರಕ್ತ ಅಥವಾ ಹಾಲಿನಲ್ಲಿ ಪತ್ತೆ ಮಾಡಿ 28 ದಿನದ ನಂತರ ಗರ್ಭ ತಿಳಿಯುವ ಪರೀಕ್ಷೆಗಳೂ ಬಂದಿವೆ.

ಸದಸ್ಯರ ಎರಡು ಪ್ರಶ್ನೆಗಳು

ಪ್ರಶ್ನೆ: ಹಾಗಾದರೆ ಸೆಮೆನ್ ಹಾಕಿಸಿದ ಎಲ್ಲ ಹಸುಗಳಿಗೂ ಪ್ರೊಜೆಸ್ಟೆರಾನ್ ಚುಚ್ಚುಮದ್ದು ಕೊಡಿಸಿದರೆ ಆಗದೇ?

ಉತ್ತರ: ಬೇಡ. ಹಳದಿ ಗಂಟು ದುರ್ಬಲವಾಗಿದೆ ಎಂದು ವೈದ್ಯರಿಗೆ ಅನಿಸಿದ ಹಸುಗಳಿಗೆ ಮಾತ್ರ ಅದರ ಯೋಚನೆ. ಹೊಟ್ಟೆಗಿಲ್ಲದ ಹಸು, ಗರ್ಭಕೋಶದ ಸೋಂಕಿರುವ ಹಸುವಿಗೆ ಚೋದಕ ಚುಚ್ಚಿ ಫಲವಿಲ್ಲ. ಅಪ್ಪಣೆ ಎಷ್ಟೇ ಜೋರಾಗಿದ್ದರೂ ಉಗ್ರಾಣ ಬರಿದಾಗಿದ್ದರೆ ಊಟ ಬರುವುದೆಲ್ಲಿಂದ?

ಪ್ರಶ್ನೆ: ಮೂರು ಸಲ ಮರಳಿ ಬೆದೆಗೆ ಬಂದ ಹಸುವನ್ನು ಮಾರಿಬಿಡುವುದೇ?

ಉತ್ತರ: ಮಾರುವ ಮುನ್ನ ಮೂರೂ ಬೆದೆಯ ದಿನಾಂಕ ತೆಗೆದುಕೊಂಡು ವೈದ್ಯರ ಬಳಿ ಬನ್ನಿ. 21, 21, 21 ಎಂದಿದ್ದರೆ ಒಂದು ದಾರಿಯಲ್ಲಿ, 21, 38, 42 ಎಂದಿದ್ದರೆ ಇನ್ನೊಂದು ದಾರಿಯಲ್ಲಿ ಕಾರಣ ಹುಡುಕಬಹುದು. ದಿನಾಂಕವೇ ಇಲ್ಲದಿದ್ದರೆ ನಾವು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಕೊನೆಯ ಮಾತು

ಆ ಶಿಬಿರದ ಹಿರಿಯ ಸದಸ್ಯೆಯ ವಿಷಯ ಹೇಳದೆ ಮುಗಿಸಿದರೆ ನೀವು ಒಪ್ಪಲಿಕ್ಕಿಲ್ಲ. ಅವರ ಹಸುವಿನ ಗರ್ಭಕೋಶದಲ್ಲಿ ರೋಗವೇನೂ ಇರಲಿಲ್ಲ. ದಿನಕ್ಕೆ 14 ಲೀಟರ್ ಕರೆಯುತ್ತಿದ್ದ ಹಸು, ಬರೀ ಒಣ ಹುಲ್ಲು ಮತ್ತು ಎರಡು ಹೊತ್ತು ತುಸು ಬೂಸಾ ತಿಂದು ಪಕ್ಕೆಲುಬು ಎಣಿಸುವಂತಾಗಿತ್ತು. ಎರಡು ತಿಂಗಳು ಪಶು ಆಹಾರ, ಖನಿಜ ಮಿಶ್ರಣ ಕೊಟ್ಟು, ಬಾವಿಯ ಬದುವಿನಲ್ಲಿ ನಾಲ್ಕು ಸಾಲು ಹಸಿರು ಮೇವು ಹಾಕಿದರು. ಆಮೇಲಿನ ಬೆದೆಯಲ್ಲಿ ಗರ್ಭಧಾರಣೆ ಮಾಡಿಸಿದರು. 60ನೇ ದಿನ ನಾನೇ ಹೋಗಿ ಪರೀಕ್ಷಿಸಿದೆ. ಗಬ್ಬ ನಿಂತಿತ್ತು. ಎಲ್ಲ ಹಸುವಿಗೂ ಇಷ್ಟು ಸುಲಭವಾಗಿ ಆಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ಮೊದಲು ಮಾಡಬೇಕಾದ ಕೆಲಸ ಇದೇ.

ಕೈ ತೊಳೆಯುತ್ತಿದ್ದಾಗ ಅವರು ಹೇಳಿದ ಮಾತು ಈ ಲೇಖನದ ಸಾರವೂ ಹೌದು: "ತಾಯಿ ಹೊಟ್ಟೆ ತುಂಬಿದ್ರೆ ತಾನೇ ಸಾರ್, ಒಳಗಿನದಕ್ಕೆ ಹಾಲು."

ಸದಸ್ಯರು ತಮ್ಮ ಹಸು, ಎಮ್ಮೆಗಳ ಗರ್ಭಧಾರಣೆಯ ದಿನಾಂಕಗಳನ್ನು ಇಂದಿನಿಂದಲೇ ಬರೆದಿಡಿ. ಮರಳಿ ಬೆದೆಗೆ ಬರುವ ರಾಸುಗಳ ವಿವರವನ್ನು ಸಂಘದ ಕಾರ್ಯದರ್ಶಿಯವರಲ್ಲಿ ನೋಂದಾಯಿಸಿ. ಮುಂದಿನ ಶಿಬಿರಕ್ಕೆ ರಾಸನ್ನು ಕರೆತರುವಾಗ ಅದನ್ನು ದಿನವೂ ನೋಡಿಕೊಳ್ಳುವ ಮನೆಯ ತಾಯಂದಿರೂ ತಪ್ಪದೆ ಬರಲಿ.